ನಂಗಲಿಯವಳ ಡೇಲಿಯಾ

ಬೈರಕೂರಿನ ಮುನಿಯಲ್ಲಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದು ಮುಳಬಾಗಿಲಿನ ಬಸ್ ಸ್ಟ್ಯಾಂಡ್ ಇಡೀ ನಂಬಿತ್ತು. ನಂಬಿದವರಲ್ಲಿ ಇದನ್ನು ಬರೆಯುತ್ತಿರುವವನೂ ಒಬ್ಬ. ಬೆಳಗಿನ ಮೊದಲ ಬಸ್ಸಿನಲ್ಲಿ ಹೂವಿನ ಬುಟ್ಟಿ ಹೊತ್ತು ಇಳಿಯುತ್ತಿದ್ದ ಆಕೆಯನ್ನು "ಏ ಹೂವಮ್ಮಾ" ಎಂದು ಕರೆದರೆ ತಿರುಗುತ್ತಿರಲಿಲ್ಲ. "ಏನಮ್ಮೋ, ಇಲ್ನೋಡು" ಎಂದರೂ ಇಲ್ಲ. ಪಾಪ, ಪೂರಾ ಕಿವುಡಿ ಎಂದು ಕನಿಕರಪಟ್ಟು, ಒಂದು ಸಂಕ್ರಾಂತಿಯ ಮುನ್ನಾದಿನ ಆಕೆಯ ಕಿವಿಗೆ ಗೇಣು ದೂರದಲ್ಲಿ ಬಾಯಿಟ್ಟು, ತಿರುಪತಿ ಬಸ್ಸಿನ ಹಾರ್ನನ್ನೂ ಮೀರಿಸುವ ಹಾಗೆ ಈ ಬರಹಗಾರ ಕೂಗಿದ: "ಹೂವು ಬೇಕಿತ್ತೂ!"

ಆಕೆ ನಿಧಾನವಾಗಿ ಬುಟ್ಟಿ ಇಳಿಸಿದಳು.

"ಯಾಕ್ ಸ್ವಾಮಿ ಹಂಗ್ ಕಿರುಚ್ತೀರ? ನನ್ ಕಿವಿ ಚೆನ್ನಾಗೇ ಅವೆ. ನಂಗೊಂದು ಹೆಸರೈತೆ. ಅದನ್ನ ಕರೀರಿ, ತಿರುಗ್ತೀನಿ."

"ಏನು ಹೆಸರು?"

"ಮುನಿಯಲ್ಲಮ್ಮ."

ಸುತ್ತ ನಿಂತಿದ್ದ ಕಂಡಕ್ಟರುಗಳ ಎದುರಿಗೆ, ತಗ್ಗಿದ ದನಿಯಲ್ಲಿ, "ಮುನಿಯಲ್ಲಮ್ಮನವರೇ" ಎಂದು ಕರೆದದ್ದಾಯಿತು. ಎದುರಿಗೇ ನಿಂತಿದ್ದವಳು ಈಗ ತಾನೇ ಕಂಡವಳ ಹಾಗೆ, "ಹಾ, ಬನ್ನಿ ಸ್ವಾಮಿ, ಯಾವ ಹೂವು ಕೊಡ್ಲಿ?" ಎಂದಳು.

ಈ ಹಟ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಆಕೆಯ ಮದುವೆಯ ತನಕ ಹಿಂದೆ ಹೋಗಬೇಕು. ಹದಿನೈದನೆಯ ವಯಸ್ಸಿಗೆ ನಂಗಲಿಯಿಂದ ಬೈರಕೂರಿನ ಚನ್ನರಾಯಪ್ಪನ ಮನೆ ತುಂಬಿದಾಗ, ಆ ಮನೆಯಲ್ಲಿ ಆಗಲೇ ಒಬ್ಬಳು ಮುನಿಯಲ್ಲಮ್ಮ ಇದ್ದಳು; ಹಿರಿಯ ಸೊಸೆ. ಒಂದು ಹೆಸರಿಗೆ ಇಬ್ಬರು ಓಗೊಟ್ಟರೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆಂದು ಅತ್ತೆ ದೊಡ್ಡಗಂಗಮ್ಮ ಅಲ್ಲೇ ತೀರ್ಪು ಕೊಟ್ಟಳು. ಊರ ರೂಢಿಯಂತೆ ಹೊಸ ಸೊಸೆ 'ನಂಗಲಿಯೋಳು' ಆದಳು. ಕೆಲವೇ ವರ್ಷಗಳಲ್ಲಿ ಹಿರಿಯ ಮಗ ಭಾಗ ತೆಗೆದುಕೊಂಡು ಹೆಂಡತಿಯೊಂದಿಗೆ ಶ್ರೀನಿವಾಸಪುರದ ಮಾವಿನ ತೋಪಿಗೆ ಹೊರಟುಹೋದ. ಮನೆಯಲ್ಲಿ ಉಳಿದದ್ದು ಒಂದೇ ಮುನಿಯಲ್ಲಮ್ಮ. ಆದರೆ ಹೆಸರು ವಾಪಸ್ಸು ಬರಲಿಲ್ಲ. ಹಸಿಗೋಡೆಗೆ ಹೊಡೆದ ಗೂಟದ ಹಾಗೆ 'ನಂಗಲಿಯೋಳು' ಕೂತುಬಿಟ್ಟಿತ್ತು.

ಗಂಡ ಆಕೆಯನ್ನು "ಇಗೋ" ಎನ್ನುತ್ತಿದ್ದ. ಮಕ್ಕಳು "ಅವ್ವ" ಎನ್ನುತ್ತಿದ್ದರು. ರೇಷನ್ ಕಾರ್ಡಿನಲ್ಲಿ 'ಚನ್ನರಾಯಪ್ಪನ ಹೆಂಡತಿ' ಎಂದಷ್ಟೇ ಇತ್ತು. ಓಟಿನ ಪಟ್ಟಿಯಲ್ಲಿ ಇನ್ಯಾರದೋ ಹೆಸರು, ಇನ್ಯಾರದೋ ವಯಸ್ಸು. ಹದಿನೈದು ವರ್ಷ ತನ್ನ ಹೆಸರನ್ನು ಯಾರ ಬಾಯಲ್ಲೂ ಕೇಳದೆ, ಕೆಲವು ಸಲ ಬಾವಿಕಟ್ಟೆಯಲ್ಲಿ ಯಾರೂ ಇಲ್ಲದಾಗ ತಾನೇ ಒಂದು ಸಲ "ಮುನಿಯಲ್ಲಮ್ಮಾ" ಎಂದು ಕರೆದು ನೋಡುತ್ತಿದ್ದಳಂತೆ. ಬಾವಿ ಮಾತ್ರ ಮರ್ಯಾದೆಯಾಗಿ ತಿರುಗಿ ಕರೆಯುತ್ತಿತ್ತು.

ಈ ಬಾಳಿಗೆ ಡೇಲಿಯಾ ಬಂದದ್ದು ಎಪ್ಪತ್ತೊಂದರಲ್ಲಿ, ಒಂದು ಗೋಣಿಚೀಲದಲ್ಲಿ. ಬೈರಕೂರಿನ ಶಾಲೆಯ ಹೆಡ್‌ಮೇಡಂ ಅನಸೂಯಮ್ಮ ತಮ್ಮ ಕ್ವಾರ್ಟರ್ಸಿನ ಮುಂದೆ ನಾಲ್ಕು ಡೇಲಿಯಾ ಗಿಡ ಬೆಳೆಸಿದ್ದರು. ಹೂವು ಮುಗಿದು ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ಅರ್ಧವನ್ನು ತಮಗೆ ನೀರು ಸೇದಿಕೊಡುತ್ತಿದ್ದ ಮುನಿಯಲ್ಲಮ್ಮನಿಗೆ ಕೊಟ್ಟರು. ಆಕೆ ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ದೊಡ್ಡಗಂಗಮ್ಮ ಚೀಲ ಬಿಚ್ಚಿ, ಸಿಹಿಗೆಣಸು ಬಂದಿದೆ ಎಂದು ಸಂತೋಷಪಟ್ಟು, ಹುಣಸೆಹುಳಿ ಬಿಟ್ಟು ಸಾರು ಮಾಡಿಬಿಟ್ಟಿದ್ದಳು. ಚನ್ನರಾಯಪ್ಪ ಎರಡು ಮುದ್ದೆ ಆ ಸಾರಿನಲ್ಲಿ ಉಂಡು, "ಗೆಣಸು ಯಾಕೋ ಸಪ್ಪೆ" ಎಂದು ಕೈ ತೊಳೆದ. ಉಳಿದ ನಾಲ್ಕು ಗಡ್ಡೆಗಳನ್ನು ಸೊಸೆ ಕಿತ್ತುಕೊಂಡಳು.

ಮರುದಿನ ವಿಷಯ ಕೇಳಿ ಅನಸೂಯಮ್ಮ ಮೊದಲು ಹೆದರಿದರು, ಆಮೇಲೆ ನಕ್ಕರು. "ಪರವಾಗಿಲ್ಲ ಕಣೇ, ಇದರ ತವರುಮನೆ ಮೆಕ್ಸಿಕೋ ಅಂತ ದೂರದ ದೇಶ. ಅಲ್ಲಿನ ಜನ ಹಿಂದೆ ಇದನ್ನ ತಿಂತಾನೇ ಇದ್ರಂತೆ."

ಉಳಿದ ನಾಲ್ಕು ಗಡ್ಡೆಗಳ ಕಥೆಯೂ ಅಂಥದ್ದೇ. ಕೋಲಾರ, ಮಾಲೂರು ಸೀಮೆಯವರಿಗೆ ಗಡ್ಡೆ ಎಂದರೆ ಆಲೂಗಡ್ಡೆ, ಅವರದೇ ಮಾತಿನಲ್ಲಿ ಉರ್ಲಗಡ್ಡೆ. ನೆಡುವ ಗಡ್ಡೆ ಕೈಗೆ ಬಂತೆಂದರೆ ಕುಡುಗೋಲು ತಾನಾಗಿ ಇನ್ನೊಂದು ಕೈಗೆ ಬರುತ್ತದೆ. ಹೋಳು ಮಾಡು, ಕೊಯ್ದ ಮುಖಕ್ಕೆ ಬೂದಿ ಒರೆಸು, ಸಾಲಿನಲ್ಲಿ ಇಡು. ಮುನಿಯಲ್ಲಮ್ಮನೂ ಹಾಗೇ ಹೋಳು ಮಾಡಿ ನೆಟ್ಟಳು. ಒಂದು ಬಿಟ್ಟು ಯಾವುದೂ ಮೊಳೆಯಲಿಲ್ಲ. ಬೇರೆಯವರಾಗಿದ್ದರೆ ಹಣೆಬರಹ ಎನ್ನುತ್ತಿದ್ದರು. ಆಕೆ ಮೊಳೆಯದವುಗಳನ್ನು ಒಂದೊಂದಾಗಿ ಅಗೆದು ಅಂಗೈಯಲ್ಲಿಟ್ಟು ನೋಡಿದಳು. ದುಂಡಗೆ, ಗಟ್ಟಿಯಾಗಿ ಇದ್ದವು, ಒಂದೆರಡಕ್ಕೆ ಬೇರೂ ಬಂದಿತ್ತು. ಮೇಲೆ ಬರುವ ಮನಸ್ಸು ಮಾತ್ರ ಇರಲಿಲ್ಲ. ಮೊಳೆತ ಒಂದಕ್ಕೆ ಹಳೆಯ ಕಾಂಡದ ತುಂಡು ಅಂಟಿಕೊಂಡೇ ಇತ್ತು. ಮೊಳಕೆ ಬಂದದ್ದು ಅಲ್ಲಿಂದ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಈ ಗಡ್ಡೆಗೆ ಕಣ್ಣಿರುವುದು ಕುತ್ತಿಗೆಯಲ್ಲಿ, ಕಾಂಡ ಸೇರುವ ಕಡೆ. ಕುತ್ತಿಗೆ ಹೋದರೆ ಎಲ್ಲ ಹೋಯಿತು. ಇದನ್ನು ಆಕೆಗೆ ಯಾರೂ ಹೇಳಿಕೊಡಲಿಲ್ಲ. ಆಕೆಯೂ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲವಾದ್ದರಿಂದ.

ನಾಲ್ಕಾರು ವರ್ಷಗಳಲ್ಲಿ ಬದನೆ, ಹುರುಳಿಕಾಯಿ ಸಾಲುಗಳ ಅಂಚಿಗೆಲ್ಲ ಡೇಲಿಯಾ ನಿಂತಿತು. ಕಾರ್ತೀಕದಿಂದ ಶಿವರಾತ್ರಿಯ ತನಕ ಹೂವು. ಮುಡಿಯಲು ಭಾರ, ದೇವರಿಗೆ ಪರಿಚಯವಿಲ್ಲ ಎಂದು ಮೊದಮೊದಲು ಜನ ಮೂಗು ಮುರಿದರು. ಆಮೇಲೆ ಮದುವೆ ಚಪ್ಪರದವರು, ಸಾಹೇಬರ ಮೇಜಿನವರು ಕೇಳಿಕೊಂಡು ಬಂದರು. ಬಂದವರೆಲ್ಲ "ಹೂವಮ್ಮ" ಎಂದರು. ಮುನಿಯಲ್ಲಮ್ಮ ಆಗ ಕಿವುಡಿಯಾದಳು.

ಆ ವರ್ಷಗಳಲ್ಲೇ ಒಂದು ಸಂಜೆ, ಶಾಲೆಯ ಜಗುಲಿಯ ಮೇಲೆ ಕೂತು ಆಕೆ ಹೆಡ್‌ಮೇಡಂ ಅವರನ್ನು ಕೇಳಿದಳು.

"ಟೀಚರಮ್ಮ, ಡೇಲಿಯಾ ಅಂದ್ರೆ ಏನರ್ಥ?"

"ಅರ್ಥ ಏನಿಲ್ಲ ಕಣೇ. ಅದು ಒಬ್ಬ ಮನುಷ್ಯನ ಹೆಸರು. ಸ್ವೀಡನ್ ದೇಶದಲ್ಲಿ ಡಾಲ್ ಅಂತ ಒಬ್ಬ ಗಿಡಗಳ ಪಂಡಿತ ಇದ್ದ. ಅವನ ಗೌರವಕ್ಕೆ ಇಟ್ಟದ್ದು."

"ಓಹೋ. ಅವನು ಬೆಳೆಸಿದ್ನಾ?"

"ಇಲ್ಲ."

"ಹುಡುಕಿ ತಂದ್ನಾ?"

"ಅದೂ ಇಲ್ಲ. ಸ್ಪೇನ್ ದೇಶದ ತೋಟದಲ್ಲಿ ಹೂವು ಬಿಟ್ಟಿತಂತೆ. ಅಲ್ಲಿನ ತೋಟದವರು ಹೆಸರಿಡೋ ಹೊತ್ತಿಗೆ ಇವನು ಸತ್ತು ಎರಡು ವರ್ಷ ಆಗಿತ್ತು."

"ಹಂಗಾದ್ರೆ ಕಣ್ಣಲ್ಲಾದ್ರೂ ನೋಡಿದ್ನಾ?"

"ನೋಡಿರಲಿಕ್ಕಿಲ್ಲ."

"ಮೆಕ್ಸಿಕೋದೋರು? ಸಾರು ಮಾಡ್ಕೊಂಡು ತಿಂತಿದ್ದೋರು? ಅವ್ರು ಇದಕ್ಕೆ ಏನಂತಿದ್ರು?"

"ಏನೋ ಅಂತಿದ್ರು. ಉದ್ದ ಹೆಸರು, ನನಗೂ ನಾಲಿಗೆ ತಿರುಗಲ್ಲ."

"ಅವರನ್ನ ಯಾರಾನಾ ಕೇಳಿದ್ರಾ, ಹೆಸರು ಬದಲಾಯಿಸ್ತೀವಿ ಅಂತ?"

ಅನಸೂಯಮ್ಮ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮಕ್ಕಳಿಗೆ ಸಾವಿರ ಪ್ರಶ್ನೆ ಕೇಳಿದ್ದರು. ಇಂಥದೊಂದು ಅವರಿಗೆ ಯಾರೂ ಕೇಳಿರಲಿಲ್ಲ. "ಇಲ್ಲ ಕಣೇ," ಎಂದರು.

"ಹೂವಿಗೂ ನನ್ ಗತೀನೇ ಆಯ್ತು," ಎಂದು ಮುನಿಯಲ್ಲಮ್ಮ ಸೆರಗು ಕೊಡವಿ ಎದ್ದಳು.

ಎಪ್ಪತ್ತಾರರಲ್ಲಿ ಆಕೆ ಒಣಗಿದ ಹೂವಿನ ಬೀಜ ಉದುರಿಸಿ ಪಾತಿ ಮಾಡಿದಳು. ಗಡ್ಡೆಯಿಂದ ಬಂದ ಗಿಡ ತಾಯಿಯ ಪಡಿಯಚ್ಚು. ಬೀಜದ್ದು ಹಾಗಲ್ಲ, ಯಾವ ಅಜ್ಜಿಯ ಮೂಗೋ, ಯಾವ ಸೋದರಮಾವನ ಕಿವಿಯೋ. ಬಂದ ಮೂವತ್ತು ಗಿಡಗಳಲ್ಲಿ ಇಪ್ಪತ್ತೊಂಬತ್ತು ಸಾಧಾರಣ ಸಂಸಾರಿಗಳು. ಮೂವತ್ತನೆಯದು ಮಾರನೆಯ ವರ್ಷ ಮುದ್ದೆ ತಟ್ಟೆಯಗಲದ ಹೂವು ಬಿಟ್ಟಿತು. ಬಣ್ಣ ಕುಂಕುಮ. ಒಂದೊಂದು ಎಸಳಿನ ತುದಿಗೂ ಯಾರೋ ಅರಿಶಿನದ ಬೆರಳು ಮುಟ್ಟಿಸಿದ ಹಾಗೆ ಹಳದಿ. ಅಂಥದು ಎಲ್ಲೂ ಇಲ್ಲವೆಂದು ಅನಸೂಯಮ್ಮ ಪುಸ್ತಕಗಳನ್ನೆಲ್ಲ ತಿರುವಿ ಹೇಳಿದರು. ಕೋಲಾರದ ಜನವರಿಯ ಪುಷ್ಪ ಪ್ರದರ್ಶನಕ್ಕೆ ಒಯ್ಯಲು ಹೇಳಿದವರೂ ಅವರೇ. "ಹೊಸ ತಳಿ ಅಂತ ಒಂದು ವಿಭಾಗ ಇದೆ. ಗೆದ್ದರೆ ಬೆಳೆಸಿದವರು ಇಟ್ಟ ಹೆಸರನ್ನ ಕಾರ್ಡಿನಲ್ಲಿ ಬರೆದು ಹೂವಿನ ಮುಂದೆ ಇಡ್ತಾರೆ. ಪುಸ್ತಕದಲ್ಲೂ ಅಚ್ಚು ಹಾಕ್ತಾರೆ."

"ಬೆಳೆಸಿದೋರು ಇಟ್ಟ ಹೆಸರಾ?"

"ಹೌದು."

"ಯಾವ ಹೆಸರಾದ್ರೂ?"

"ಯಾವುದಾದರೂ."

ಎಪ್ಪತ್ತೆಂಟರ ಜನವರಿಯಲ್ಲಿ ಮುನಿಯಲ್ಲಮ್ಮ ಹಿತ್ತಾಳೆ ಚೊಂಬಿನಲ್ಲಿ ಹೂವಿಟ್ಟು, ಮಡಿಲಲ್ಲಿ ಚೊಂಬಿಟ್ಟು ಕೋಲಾರದ ಬಸ್ಸು ಹತ್ತಿದಳು. ಚಪ್ಪರದಲ್ಲಿ ಹೂವಿನ ಸುತ್ತ ಜನ ಕಟ್ಟಿಕೊಂಡರು. ತೀರ್ಪುಗಾರರು ಮೂವರೂ ಮೂಗು ಹತ್ತಿರ ತಂದು ನೋಡಿ, ಒಂದೇ ಮಾತಿನಲ್ಲಿ ಮೊದಲ ಬಹುಮಾನ ಎಂದರು. ಆಗ ಬಂದರು ಅಧ್ಯಕ್ಷರು.

ಪ್ರದರ್ಶನ ನಡೆಸುವ ಪುಷ್ಪ ವಿಕಾಸ ಸಂಘದ ಅಧ್ಯಕ್ಷರಾದ ರಾಮಚಂದ್ರಪ್ಪನವರಿಗೆ ಮಾಲೂರಿನಲ್ಲಿ ಆಲೂಗಡ್ಡೆ ಮಂಡಿ. ಅವರ ಲೆಟರ್‌ಹೆಡ್ಡಿನಲ್ಲಿ ಮೇಲಿನ ಮುಕ್ಕಾಲು ಪುಟ ಅವರ ಪದವಿಗಳೇ ಇದ್ದುದರಿಂದ, ವಿಷಯ ಬರೆಯಲು ನಾಲ್ಕು ಸಾಲು ಉಳಿಯುತ್ತಿತ್ತು. ಅದರಲ್ಲಿ ಎರಡು ಸಹಿಗೆ. ಎಲ್ಲಿಗೆ ಹೋದರೂ ಸಹಾಯಕನ ಕೈಚೀಲದಲ್ಲಿ ಒಂದು ಶಾಲು ಇರುತ್ತಿತ್ತು, ಹೊದಿಸುವವರು ಮರೆತು ಬಂದಿದ್ದರೆ ತೊಂದರೆಯಾಗಬಾರದೆಂದು. ಹಾಗೆಂದು ಅವರು ಕೆಟ್ಟವರಲ್ಲ. ಚಂದದ್ದೇನು ಕಂಡರೂ ಅದಕ್ಕೆ ತಮ್ಮ ಹೆಸರಿಲ್ಲದಿರುವುದು ಅವರಿಗೆ ಒಂದು ಲೋಪದಂತೆ ಕಾಣುತ್ತಿತ್ತು, ಅಷ್ಟೆ. ಅಷ್ಟು ಹೊತ್ತಿಗೆ ಜಿಲ್ಲೆಯಲ್ಲಿ 'ರಾಮಚಂದ್ರ ಶ್ರೀ' ಎಂಬ ಗುಲಾಬಿ, 'ರಾಮಚಂದ್ರ ಕಾಂತಿ' ಎಂಬ ಸೇವಂತಿಗೆ, 'ರಾಮಚಂದ್ರ ಗಜ' ಎಂಬ ಸೋರೆಕಾಯಿ ಇದ್ದವು.

"ಯಾರಮ್ಮ ಇದನ್ನ ತಂದದ್ದು? ಭೇಷ್!" ಎಂದರು. "ಬರೆಯಪ್ಪ ಗುಮಾಸ್ತ, ತಳಿಯ ಹೆಸರು, 'ರಾಮಚಂದ್ರ ವಿಜಯ'."

"ಬೇಡ ಸ್ವಾಮಿ," ಎಂದಳು ಮುನಿಯಲ್ಲಮ್ಮ.

ಆ ಪದವನ್ನು ಅಧ್ಯಕ್ಷರ ಎದುರಿಗೆ ಅಲ್ಲಿ ಯಾರೂ ಆಡಿದ ನೆನಪಿರಲಿಲ್ಲ.

"ಏನು ಬೇಡ?"

"ಆ ಹೆಸರು. ಇದಕ್ಕೆ ನಾನು ಹೆಸರು ಇಟ್ಟಾಗೈತೆ. ಮುನಿಯಲ್ಲಮ್ಮ."

"ಅದು ಯಾರು?"

"ನಾನೇ."

ರಾಮಚಂದ್ರಪ್ಪನವರು ಸುತ್ತ ನೋಡಿ ನಕ್ಕರು. ಸುತ್ತಲಿನವರೂ ನಿಯಮದಂತೆ ನಕ್ಕರು. "ನೋಡಮ್ಮ, ಹೂವಿಗೆ ಒಂದು ಗೌರವದ ಹೆಸರು ಬೇಕು. ವಿಜಯ, ಕಾಂತಿ, ಪ್ರಭಾ. ಸಂತೆಯಲ್ಲಿ ಬೆಳ್ಳುಳ್ಳಿ ಮಾರೋರ ಹೆಸರು ಇಟ್ಟರೆ ನಾಳೆ ಬೆಂಗಳೂರಿನೋರು ಏನಂದಾರು?"

"ಬೆಳ್ಳುಳ್ಳಿನೂ ಮಾರಿದ್ದೀನಿ ಸ್ವಾಮಿ. ಅದಕ್ಕೆ ನೀವು ಹೆಸರಿಡಕ್ಕೆ ಬರ್ಲಿಲ್ಲ."

"ಹೆಸರಿಲ್ಲದೆ ಬಹುಮಾನ ಇಲ್ಲ. ಸಂಘದ ನಿಯಮ."

"ಹೆಸರೈತೆ ಅಂತಾನೇ ನಾನೂ ಹೇಳ್ತಿರೋದು."

ಬಹುಮಾನದ ಬೆಳ್ಳಿ ಕಪ್ಪು ಮೇಜಿನ ಮೇಲಿತ್ತು, ಕೈಗೆಟುಕುವ ದೂರದಲ್ಲಿ. ಗುಮಾಸ್ತ ಪೆನ್ನಿನ ಕ್ಯಾಪು ತೆಗೆದು ಕಾಯುತ್ತಿದ್ದ. ಹೂಂ ಎಂದಿದ್ದರೆ ಕಪ್ಪೂ ಆಕೆಯದು, ಶಾಲೂ ಆಕೆಯದು, ಸಂಜೆಗೆ ಜೀಪಿನಲ್ಲಿ ಊರಿಗೆ ಬಿಡುತ್ತಿದ್ದರೇನೋ. ಮುನಿಯಲ್ಲಮ್ಮ ಹೂವನ್ನು ಚೊಂಬಿನ ಸಮೇತ ಎತ್ತಿ ಮತ್ತೆ ಮಡಿಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಮುಳಬಾಗಿಲಿನ ತನಕ ಬಸ್ಸಿನಲ್ಲಿ ಎಲ್ಲರೂ ಆ ಹೂವನ್ನೇ ನೋಡಿದರು. ಪ್ರದರ್ಶನ ಎಂದರೆ ಅದೇ ತಾನೇ ಎಂದು ಆಕೆ ಸಮಾಧಾನ ಮಾಡಿಕೊಂಡಳು. ಸಮಾಧಾನ ಪೂರ್ತಿ ಆಗಲಿಲ್ಲ.

ರಾಮಚಂದ್ರಪ್ಪನವರು ಅಷ್ಟಕ್ಕೆ ಬಿಡುವವರಲ್ಲ. ಮಾರ್ಚಿನಲ್ಲಿ, ಮುನಿಯಲ್ಲಮ್ಮ ಗಡ್ಡೆ ಕಿತ್ತು ಮರಳು ತುಂಬಿದ ಮಡಕೆಯಲ್ಲಿ ಹೂತಿಟ್ಟು ತವರಿಗೆ ಹೋಗಿದ್ದಾಗ, ಅವರ ಜೀಪು ಬೈರಕೂರಿಗೆ ಬಂತು. ಚನ್ನರಾಯಪ್ಪನನ್ನು "ಚನ್ನರಾಯಪ್ಪನವರೇ" ಎಂದರು. ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಊರನ್ನು ಒಂದು ಸುತ್ತು ಹಾಕಿಸಿದರು. ಎರಡನೆಯ ಸುತ್ತಿಗೆ ಚನ್ನರಾಯಪ್ಪ ಕುಂಕುಮ ಬಣ್ಣದ ಹೂವಿನ ಗಡ್ಡೆಗಳಿದ್ದ ಮಡಕೆಯನ್ನು ತಾನೇ ಹೊತ್ತು ತಂದು ಜೀಪಿನಲ್ಲಿಟ್ಟ.

ಎರಡು ದಿನ ಬಿಟ್ಟು ಹೆಂಡತಿ ಬಂದಳು.

"ಇಗೋ, ನೋಡು," ಎಂದು ಆತ ದೂರದಿಂದಲೇ ಶುರು ಮಾಡಿದ, "ಅಷ್ಟು ದೊಡ್ಡ ಮನುಷ್ಯ ಮನೆ ಬಾಗಿಲಿಗೆ ಬಂದು ಕೇಳಿದ್ರೆ ಇಲ್ಲ ಅನ್ನಕ್ಕಾಗ್ತದಾ?"

"ಮಡಕೆ ಪೂರ್ತಿನಾ?"

"ಪೂರ್ತಿ."

ಆಕೆ ಕೂಗಾಡಲಿಲ್ಲ. ಮಡಕೆ ಇದ್ದ ಖಾಲಿ ಜಾಗದ ಮುಂದೆ ಕೂತಳು. ಎರಡು ವರ್ಷದ ಗಿಡ, ಒಂದೇ ತಾಯಿ. ಬೀಜ ಹಾಕಿದರೆ ಇನ್ನೊಂದು ಬರುತ್ತದೆ, ಆದರೆ ಅದೇ ಬರುವುದಿಲ್ಲ. ಮುಂದಿನ ಜನವರಿಗೆ ತನ್ನ ಹೂವು 'ರಾಮಚಂದ್ರ ವಿಜಯ' ಎಂದು ಕಾರ್ಡು ಹಚ್ಚಿಕೊಂಡು ನಿಲ್ಲುತ್ತದೆ. ತಾನು ಹೋಗಿ ನೋಡಿದರೂ ಅದಕ್ಕೆ ತನ್ನ ಗುರುತು ಸಿಗುವುದಿಲ್ಲ.

ಆಗ ದೊಡ್ಡಗಂಗಮ್ಮ ಒಳಗಿನಿಂದ ರಾಗಿ ಮೊರ ಹಿಡಿದು ಬಂದಳು. ಎಂಬತ್ತರ ಹತ್ತಿರದ ಮುದುಕಿ. ಸಿಟ್ಟು ಬಂದರೆ ತವರಿನ ತೆಲುಗಿಗೆ ಇಳಿಯುವವಳು. ಮೊರವನ್ನು ಸೊಸೆಯ ಮುಂದೆ ಇಟ್ಟು, ರಾಗಿಯನ್ನು ಕೈಯಿಂದ ಸರಿಸಿದಳು. ಅಡಿಯಲ್ಲಿ ಒಂದು ಗೊಂಚಲು ಗಡ್ಡೆ. ಕುತ್ತಿಗೆ ಸಮೇತ.

"ಇವನು ಜೀಪು ಹತ್ತಿದಾಗ್ಲೇ ನಂಗೊತ್ತಾಯ್ತು, ಇಳಿಯೋವಾಗ ಬುದ್ಧಿ ಅಲ್ಲೇ ಬಿಟ್ಟು ಇಳೀತಾನೆ ಅಂತ. ಒಂದು ತೆಗೆದಿಟ್ಟೆ," ಎಂದಳು. "ನಾನು ಸಾರು ಮಾಡಿ ತಿಂದಿರೋ ಗಡ್ಡೆ, ಊರಿಗೆಲ್ಲಾ ಕೊಟ್ಬಿಡ್ತೀನಾ? ತಗೋ ಮುನಿಯಲ್ಲಮ್ಮಾ."

ಇಪ್ಪತ್ತೆರಡು ವರ್ಷಕ್ಕೆ ಅತ್ತೆಯ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಮುದುಕಿಗೂ ಅದು ವಿಚಿತ್ರವೆನಿಸಿರಬೇಕು. ಕೂಡಲೇ ಮೊರ ಎತ್ತಿಕೊಂಡು ಒಳಗೆ ಹೋದಳು.

ಮುನಿಯಲ್ಲಮ್ಮ ಗಂಡನತ್ತ ತಿರುಗಿದಳು. "ಅಲ್ಲಿ ನೆಡೋರು ಯಾರು?"

"ಮಂಡಿಯೋರೇ. ಉರ್ಲಗಡ್ಡೇಲಿ ಮೂರು ತಲೆಮಾರು ಕಳೆದೋರು. ಅವ್ರಿಗೆ ಗೊತ್ತಿಲ್ದಿರೋ ಗಡ್ಡೆನಾ?"

ಆಕೆ ಆವತ್ತು ಮೊದಲ ಸಲ ನಕ್ಕಳು. ಯಾಕೆ ನಕ್ಕಳೆಂದು ಚನ್ನರಾಯಪ್ಪನಿಗೆ ತಿಳಿಯಲಿಲ್ಲ. ಅಂಥ ನಗು ಗಂಡಸಿಗೆ ನೆಮ್ಮದಿ ಕೊಡುವಂಥದ್ದಲ್ಲ.

ಮಾಲೂರಿನಲ್ಲಿ ಸೆಪ್ಟೆಂಬರಿಗೆ ನಾಟಿಯಾಯಿತು. ಮಂಡಿಯ ಕೆಲಸದವರು ಪ್ರತಿ ಗಡ್ಡೆಯ ಕುತ್ತಿಗೆಗೆ ಅಂಟಿದ್ದ ಒಣಕಡ್ಡಿಯನ್ನು ಕಸವೆಂದು ನೀಟಾಗಿ ಸವರಿ ಎಸೆದರು. ಉಳಿದದ್ದನ್ನು ಹೋಳು ಮಾಡಿ, ಬೂದಿ ಒರೆಸಿ, ದಾರ ಹಿಡಿದ ಹಾಗೆ ಸಾಲಿನಲ್ಲಿ ಇಟ್ಟರು. ಅಂಥ ಅಚ್ಚುಕಟ್ಟು ನಾಟಿಯನ್ನು ಡೇಲಿಯಾ ಅದುವರೆಗೆ ಕಂಡಿರಲಿಲ್ಲ. ರಾಮಚಂದ್ರಪ್ಪನವರು ಸಾಲಿನ ತುದಿಗೆ 'ರಾಮಚಂದ್ರ ವಿಜಯ' ಎಂಬ ಹಲಗೆ ನೆಡಿಸಿ, ಫೋಟೋ ತೆಗೆಸಿಕೊಂಡು, ಜನವರಿಯ ಸಮಾರಂಭಕ್ಕೆ ಆಹ್ವಾನ ಪತ್ರಿಕೆಯನ್ನೂ ಅಚ್ಚು ಹಾಕಿಸಿದರು: 'ನೂತನ ಡೇಲಿಯಾ ತಳಿಯ ನಾಮಕರಣ ಮಹೋತ್ಸವ'. ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಮುಖ್ಯ ಅತಿಥಿ.

ಅಕ್ಟೋಬರಿಗೆ ಹಲಗೆಗೆ ಬಳ್ಳಿ ಹಬ್ಬಿತು. ಸಾಲಿನಲ್ಲಿ ಏನೂ ಏಳಲಿಲ್ಲ. ನವೆಂಬರಿನಲ್ಲಿ ಅಗೆದು ನೋಡಿದರೆ ಗಡ್ಡೆಗಳು ದುಂಡಗೆ, ಆರೋಗ್ಯವಾಗಿ, ನಿಶ್ಚಿಂತೆಯಿಂದ ಮಲಗಿದ್ದವು.

ಬೈರಕೂರಿನಲ್ಲಿ ಇದ್ದದ್ದು ಒಂದು ಗೊಂಚಲು, ಅದರಲ್ಲಿ ಮೂರು ಕಣ್ಣು. ಮುನಿಯಲ್ಲಮ್ಮ ಕಣ್ಣಿಗೊಂದರಂತೆ ಸೀಳಿ ಮೂರು ಕಡೆ ನೆಟ್ಟಳು. ಒಂದಕ್ಕೆ ಗೆದ್ದಲು ಹಿಡಿಯಿತು. ಒಂದನ್ನು ಮೊಣಕಾಲೆತ್ತರ ಬಂದಾಗ ಪಕ್ಕದ ಮನೆಯ ಮೇಕೆ ಮೇಯ್ದು, ಮೇಕೆಯ ಒಡತಿಗೂ ದೊಡ್ಡಗಂಗಮ್ಮನಿಗೂ ಶಾಶ್ವತವಾಗಿ ಮಾತು ನಿಂತಿತು. ಮೂರನೆಯದಕ್ಕೆ ಕೋಲು ಕಟ್ಟಿ, ಸುತ್ತ ಜಾಲಿಮುಳ್ಳು ಒಟ್ಟಿ, ಪಕ್ಕದ ಮೊಗ್ಗುಗಳನ್ನೆಲ್ಲ ಚಿವುಟಿ ಒಂದೇ ಒಂದನ್ನು ಆಕೆ ಬಿಟ್ಟುಕೊಂಡಳು. ಡಿಸೆಂಬರಿನ ಕೊನೆಗೆ ಅದು ನೆಲ್ಲಿಕಾಯಿ ಗಾತ್ರ ಆಗಿತ್ತು.

ಆಗಲೇ ಜೀಪು ಎರಡನೆಯ ಸಲ ಬಂತು.

ಮುನಿಯಲ್ಲಮ್ಮ ಕುಡುಗೋಲಿನಿಂದ ಗಿಡದ ಬುಡ ಕೆದಕಿ ಗೊಬ್ಬರ ಕೊಡುತ್ತಿದ್ದಳು. ರಾಮಚಂದ್ರಪ್ಪನವರು ಬೇಲಿಯ ಆಚೆ ನಿಂತು, "ಏನಮ್ಮಾ" ಎಂದರು. ಕುಡುಗೋಲಿನ ಸದ್ದು ನಿಲ್ಲಲಿಲ್ಲ. "ಇಲ್ನೋಡಮ್ಮಾ, ಹೂವಿನಮ್ಮಾ!" ಅದಕ್ಕೂ ಇಲ್ಲ. ಸದ್ದು ಕೇಳಿ ಊರು ಬೇಲಿಯ ಹತ್ತಿರ ಸೇರತೊಡಗಿತು. ಜಗುಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದ ದೊಡ್ಡಗಂಗಮ್ಮ, "ಹೆಸರಿಡಿದು ಕರೀಬೇಕು ಸ್ವಾಮಿ. ನಾವೂ ಈಗ ಹಂಗೇ ಕರಿಯೋದು," ಎಂದಳು.

ಜಿಲ್ಲೆಯ ಅನೇಕ ಸಂಘಗಳ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು, ಅರ್ಧ ಊರಿನ ಎದುರಿಗೆ, "ಮುನಿಯಲ್ಲಮ್ಮನವರೇ," ಎಂದರು.

"ಹಾ, ಏನು ಸ್ವಾಮಿ?"

"ನಮ್ಮ ಗಡ್ಡೆ ಮೊಳೀಲಿಲ್ಲ. ಪತ್ರಿಕೆ ಅಚ್ಚಾಗಿ ಹಂಚಿಯೂ ಆಗಿದೆ. ಈ ಹೂವು ನಮಗೆ ಬೇಕು. ನಿಮಗೆ ಏನು ಬೇಕೋ ಕೇಳಿ."

"ಕೇಳೋದು ಏನೈತೆ? ಹೋದ ಸಲವೇ ಹೇಳಿದ್ದೀನಿ. ನಾನೇ ತರ್ತೀನಿ, ನಾನೇ ಇಡ್ತೀನಿ. ನಾನು ಒಳಗೆ ಕಾಲಿಡೋ ಮುಂಚೆ ಕಾರ್ಡಲ್ಲಿ ಹೆಸರು ಬರ್ದಿರ್ಬೇಕು."

"ಅದೇ, ಆ ಹೆಸರಿನ ವಿಷಯ. ನೋಡಿ, ಇಬ್ಬರಿಗೂ ಬೇಜಾರಾಗದ ಹಾಗೆ ಒಂದು ಉಪಾಯ ಮಾಡಿದ್ದೀನಿ." ಅವರು ಜೇಬಿನಿಂದ ಚೀಟಿ ತೆಗೆದು ಓದಿದರು. "'ರಾಮಚಂದ್ರ ಮುನಿಯಲ್ಲಮ್ಮ'. ಎರಡೂ ಜೊತೆಗೆ."

ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಜೀಪಿನ ಹತ್ತಿರ ನಿಂತಿದ್ದ ಚನ್ನರಾಯಪ್ಪ ಈ ಸಲ ಮುಂದಿನ ಸೀಟಿನಿಂದ ಎರಡು ಹೆಜ್ಜೆ ದೂರ ಸರಿದ. ದೊಡ್ಡಗಂಗಮ್ಮ ಅಡಿಕೆ ಕುಟ್ಟುವ ಕಲ್ಲು ಹಿಡಿದೇ ಎದ್ದು ನಿಂತಳು.

"ಏಮಯ್ಯಾ, ಇದೇಮನ್ನಾ ಪೆಂಡ್ಲಿ ಪತ್ರಿಕಾ? ನನ್ ಮಗ ಇನ್ನೂ ಬದುಕವ್ನೆ! ಲಗ್ನಪತ್ರಿಕೆ ಹಂಗೆ ಇಬ್ರ ಹೆಸರೂ ಸೇರಿಸ್ಕೊಂಡು ಬಂದವ್ನೆ!"

ರಾಮಚಂದ್ರಪ್ಪನವರ ಮುಖ ಹೂವಿನ ಬಣ್ಣಕ್ಕೆ ತಿರುಗಿತು. ಅವರು ಆ ದೃಷ್ಟಿಯಿಂದ ಯೋಚಿಸಿರಲಿಲ್ಲ. ಮಾಲೂರಿನಲ್ಲಿ ತಮ್ಮ ಮನೆಯವರು ಯೋಚಿಸುತ್ತಾರೆಂಬುದು ಈಗ ಥಟ್ಟನೆ ಹೊಳೆಯಿತು. ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

"ಬರೀ ನಿಮ್ಮದೇ ಇರಲಿ," ಎಂದರು. ಜೀಪು ಹತ್ತುವ ಮುಂಚೆ ಹಿಂದಿರುಗಿ, ಅವರೊಳಗಿನ ಮಂಡಿಯ ಮನುಷ್ಯ ಒಂದು ಸಲ ಅಧ್ಯಕ್ಷನನ್ನು ಪಕ್ಕಕ್ಕೆ ತಳ್ಳಿ ಕೇಳಿದ: "ಒಂದು ಹೇಳಿ. ನಮ್ಮದು ಯಾಕೆ ಮೊಳೀಲಿಲ್ಲ?"

"ಕುತ್ತಿಗೆ ಕೊಯ್ದ್ರಿ ಸ್ವಾಮಿ," ಎಂದಳು ಮುನಿಯಲ್ಲಮ್ಮ. "ಅದರ ಕಣ್ಣು ಅಲ್ಲೇ ಇರೋದು. ನಾನೂ ಮೊದಲ ವರ್ಷ ಅದೇ ಮಾಡಿದ್ದೆ."

ಎಪ್ಪತ್ತೊಂಬತ್ತರ ಜನವರಿಯ ಪ್ರದರ್ಶನಕ್ಕೆ ಆಕೆ ಅದೇ ಹಿತ್ತಾಳೆ ಚೊಂಬಿನೊಂದಿಗೆ ಬಂದಳು. ಜೊತೆಗೆ ದೊಡ್ಡಗಂಗಮ್ಮ, ಅನಸೂಯಮ್ಮ, ಚೊಂಬಿನ ನೀರು ಬದಲಿಸುವ ಕೆಲಸಕ್ಕೆ ನೇಮಕವಾದ ಚನ್ನರಾಯಪ್ಪ. ಚಪ್ಪರದ ಬಾಗಿಲಲ್ಲಿ ಆಕೆ ನಿಂತುಬಿಟ್ಟಳು. ಓದಲು ಬಾರದವಳು, ಅನಸೂಯಮ್ಮನವರನ್ನು ಒಳಗೆ ಕಳಿಸಿ, ಕಾರ್ಡನ್ನು ಅಕ್ಷರ ಅಕ್ಷರವಾಗಿ ಓದಿಸಿಕೊಂಡು ಆಮೇಲೆ ಕಾಲಿಟ್ಟಳು. ತನ್ನ ಹೆಸರು ಬರಹದಲ್ಲಿ ಹೇಗಿರುತ್ತದೆಂದು ಆಕೆ ನೋಡಿದ್ದು ಆವತ್ತೇ. ನಿರೀಕ್ಷೆಗಿಂತ ಉದ್ದವಾಗಿತ್ತು. ಕಾರ್ಡಿನ ಈ ತುದಿಯಿಂದ ಆ ತುದಿಯ ತನಕ ಇತ್ತು. ಹೂವನ್ನು ಮೇಜಿಗಿಟ್ಟು, ಅದರ ಪಕ್ಕದಲ್ಲಿ ಕಂಬದ ಹಾಗೆ ನಿಂತಳು. ಊಟಕ್ಕೆ ಕರೆದರೂ ಕದಲಲಿಲ್ಲ. ಹೋದ ಗಳಿಗೆಯಲ್ಲಿ ಕಾರ್ಡು ಬದಲಾದರೆ?

ಹನ್ನೆರಡು ಗಂಟೆಗೆ ಮುಖ್ಯ ಅತಿಥಿಗಳು ಬಂದರು. ಕಪ್ಪು ಕನ್ನಡಕ, ಹಿಂದೆ ಕೈ ಕಟ್ಟಿದ ನಡಿಗೆ. ಗುಲಾಬಿಗಳ ಮುಂದೆ "ಹೂಂ" ಎಂದರು, ಸೇವಂತಿಗೆಗಳ ಮುಂದೆ "ಹೂಂಹೂಂ" ಎಂದರು. ಪಕ್ಕದಲ್ಲಿ ರಾಮಚಂದ್ರಪ್ಪನವರು ಶಾಲು ಹೊದ್ದು, ಪ್ರತಿ ಹೂವಿನ ಪರವಾಗಿಯೂ ವಂದನೆ ಹೇಳುತ್ತ ಬರುತ್ತಿದ್ದರು. ಕುಂಕುಮ ಬಣ್ಣದ ಡೇಲಿಯಾದ ಮುಂದೆ ಅತಿಥಿಗಳು ಕನ್ನಡಕ ತೆಗೆದರು. ಸುಮಾರು ಹೊತ್ತು ನೋಡಿದರು. ಆಮೇಲೆ ಬಗ್ಗಿ ಕಾರ್ಡು ಓದಿದರು.

"ಮುನಿಯಲ್ಲಮ್ಮ," ಎಂದರು, ಬಾಯಲ್ಲಿ ಕಲ್ಲು ಸಿಕ್ಕಿದವರ ಹಾಗೆ. "ವಿಚಿತ್ರವಾಗಿದೆ. ಸಂಸ್ಕೃತವೇ? ಯಾವುದಾದರೂ ಪುರಾಣದ್ದೇ? ಈ ಹೆಸರಿನ ಅರ್ಥ ಏನ್ರೀ, ರಾಮಚಂದ್ರಪ್ಪ?"

ರಾಮಚಂದ್ರಪ್ಪನವರು ಬಾಯಿ ತೆರೆದರು. ಅವರ ಬಳಿ ಯಾವ ಅರ್ಥ ಸಿದ್ಧವಿತ್ತೋ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಮೇಜಿನ ಪಕ್ಕದ ಕಂಬ ಅದಕ್ಕೂ ಮೊದಲೇ ಮಾತಾಡಿತು.

"ಅವರನ್ನ ಯಾಕೆ ಕೇಳ್ತೀರ ಸ್ವಾಮಿ? ಅರ್ಥ ನಾನೇ. ಎದುರಿಗೇ ನಿಂತಿದ್ದೀನಿ."